ಅಕ್ಷರಗಳ ಗಂಟು ಬಿಚ್ಚುವ ವಿದ್ಯೆ

ಎ, ಇ, ಐ, ಎನ್, ಆರ್, ಎಸ್, ಟಿ. ಇಂಗ್ಲಿಷಿನ ಈ ಏಳು ಅಕ್ಷರಗಳಲ್ಲಿ ಒಂದನ್ನೂ ಬಿಡದೆ, ಯಾವುದನ್ನೂ ಎರಡು ಸಲ ಬಳಸದೆ ಜೋಡಿಸಿದರೆ ಎಷ್ಟು ಶಬ್ದಗಳಾಗುತ್ತವೆ?

ಕಾಗದ, ಪೆನ್ಸಿಲ್ ಹಿಡಿದು ಕುಳಿತವರಿಗೆ ಮೊದಲು ಹೊಳೆಯುವುದು ಬಹುಶಃ 'ಉಳಿಸಿಕೊಳ್ಳುತ್ತದೆ' ಎಂಬ ಅರ್ಥದ 'ರಿಟೇನ್ಸ್'. ಸ್ವಲ್ಪ ತಲೆ ಕೆರೆದುಕೊಂಡರೆ 'ಇನ್ನಷ್ಟು ಕೆಟ್ಟ' ಎನ್ನುವ 'ನಾಸ್ಟಿಯರ್'. ಕಣ್ಣಿನ ಅಕ್ಷಿಪಟಲಕ್ಕೆ ವೈದ್ಯರು ಹೇಳುವ ಹೆಸರು ನೆನಪಿದ್ದವರು ಅದರ ಬಹುವಚನ 'ರೆಟಿನಾಸ್' ಬರೆದಾರು. ಬಣ್ಣ ಹಚ್ಚುವವ 'ಸ್ಟೇನರ್', ಮೇಣದಬತ್ತಿಗೆ ಬಳಸುವ ಕೊಬ್ಬಿನ ಪದಾರ್ಥ 'ಸ್ಟಿಯರಿನ್', ಗ್ರೀಸ್ ದೇಶದ ಒಂದು ಬಗೆಯ ದ್ರಾಕ್ಷಾರಸ 'ರೆಟ್ಸಿನಾ'. ಪಟ್ಟಿ ಇಲ್ಲಿಗೂ ಮುಗಿಯುವುದಿಲ್ಲ.

ಮುಗಿಯಿತೆಂದು ಖಾತರಿ ಮಾಡಿಕೊಳ್ಳುವುದು ಹೇಗೆ? ನಿಘಂಟು ಇಲ್ಲಿ ನೆರವಿಗೆ ಬರುವುದಿಲ್ಲ. ಶಬ್ದ ಗೊತ್ತಿದ್ದು ಅರ್ಥ ತಿಳಿಯದವರಿಗಾಗಿ ನಿಘಂಟು ರಚನೆಯಾಗಿದೆ. ಅದರ ಬಾಗಿಲು ಶಬ್ದದ ಮೊದಲ ಅಕ್ಷರ. ನಮ್ಮ ಕೈಯಲ್ಲಿರುವುದು ಅಕ್ಷರಗಳ ಗಂಟು ಮಾತ್ರ. ಮೊದಲನೆಯದು ಯಾವುದು, ಕೊನೆಯದು ಯಾವುದು ಎಂಬುದೇ ತಿಳಿಯದು. ಏಳು ಬೇರೆ ಬೇರೆ ಅಕ್ಷರಗಳನ್ನು 5,040 ರೀತಿಯಲ್ಲಿ ಜೋಡಿಸಬಹುದು. ಸೆಕೆಂಡಿಗೆ ಒಂದರಂತೆ ಪರೀಕ್ಷಿಸಿದರೂ 84 ನಿಮಿಷ ಬೇಕು.

ಈ ತೊಡಕಿಗೆ ಒಂದು ಸರಳ ಪರಿಹಾರವಿದೆ: ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿಕೊಳ್ಳುವುದು. ಇಂದು ಶಬ್ದಗಳನ್ನು ಹುಡುಕಲು ಬಳಕೆಯಾಗುವ ಈ ಉಪಾಯವನ್ನು ಹದಿನೇಳನೆಯ ಶತಮಾನದ ವಿಜ್ಞಾನಿಗಳು ಬಳಸಿದ್ದು ಶಬ್ದಗಳನ್ನು ಬಚ್ಚಿಡಲು ಎಂಬುದು ಸ್ವಾರಸ್ಯದ ಸಂಗತಿ.

ಬಚ್ಚಿಡುವ ಕಲೆ

1610ರಲ್ಲಿ ಗೆಲಿಲಿಯೊ ತನ್ನ ದೂರದರ್ಶಕವನ್ನು ಶನಿಗ್ರಹದತ್ತ ತಿರುಗಿಸಿದಾಗ ಅದರ ಎರಡೂ ಪಕ್ಕದಲ್ಲಿ ಏನೋ ಅಂಟಿಕೊಂಡಂತೆ ಕಂಡಿತು. ಮೂರು ಗ್ರಹಗಳು ಒಟ್ಟಿಗಿವೆ ಎಂದು ಆತ ಭಾವಿಸಿದ. ಪೂರ್ಣ ಖಚಿತವಾಗುವ ಮೊದಲೇ ಪ್ರಕಟಿಸಿದರೆ ನಗೆಪಾಟಲಾಗುವ ಭಯ. ಸುಮ್ಮನಿದ್ದರೆ ಬೇರೆ ಯಾರಾದರೂ ಮೊದಲು ಕಂಡೆವೆಂದು ಹೇಳಿಕೊಳ್ಳುವ ಅಪಾಯ. ಆಗ ವಿಜ್ಞಾನ ಪತ್ರಿಕೆಗಳಿರಲಿಲ್ಲ. ಗೆಲಿಲಿಯೊ ತಾನು ಕಂಡದ್ದನ್ನು ಒಂದು ಲ್ಯಾಟಿನ್ ವಾಕ್ಯದಲ್ಲಿ ಬರೆದು, ಅದರ 37 ಅಕ್ಷರಗಳನ್ನು ಕಲಸಿ, ಅರ್ಥವಿಲ್ಲದ ಸಾಲಾಗಿ ಮಾಡಿ ಪ್ರಾಗ್ ನಗರಕ್ಕೆ ಕಳುಹಿಸಿದ.

ಅಲ್ಲಿದ್ದ ಖಗೋಳಶಾಸ್ತ್ರಜ್ಞ ಯೊಹಾನೆಸ್ ಕೆಪ್ಲರ್ ಅದನ್ನು ಬಿಡಿಸಲು ಕುಳಿತ. ಹೇಗೋ ಹೊಂದಿಸಿದಾಗ ಆತನಿಗೆ ಸಿಕ್ಕಿದ್ದು ಮಂಗಳ ಗ್ರಹಕ್ಕೆ ಎರಡು ಚಂದ್ರರಿದ್ದಾರೆ ಎಂಬರ್ಥದ ಒರಟು ಲ್ಯಾಟಿನ್ ಸಾಲು. ಗೆಲಿಲಿಯೊ ಹೇಳಿದ್ದು ಶನಿಯ ವಿಷಯ, ಕೆಪ್ಲರ್ ಓದಿದ್ದು ಮಂಗಳನ ವಿಷಯ. ತಮಾಷೆಯೆಂದರೆ, ಮಂಗಳನಿಗೆ ನಿಜಕ್ಕೂ ಇಬ್ಬರು ಚಂದ್ರರಿದ್ದಾರೆ. ಅಮೆರಿಕದ ಅಸಾಫ್ ಹಾಲ್ ಅವರನ್ನು ಪತ್ತೆ ಮಾಡಿದ್ದು 1877ರಲ್ಲಿ, ಕೆಪ್ಲರನ ತಪ್ಪು ಉತ್ತರ ಬಂದು 267 ವರ್ಷಗಳಾದ ಮೇಲೆ.

ಅಕ್ಷರಗಳು ಹೆಚ್ಚಿದಷ್ಟೂ ಅವುಗಳಿಂದ ಹೊರಡಬಹುದಾದ ಅರ್ಥಗಳೂ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಶನಿಯ ಪಕ್ಕದಲ್ಲಿ ಕಂಡದ್ದು ಉಂಗುರವೆಂದು ಊಹಿಸಿದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. 1656ರಲ್ಲಿ ಆತನೂ ತನ್ನ ವಾಕ್ಯವನ್ನು ಮುಚ್ಚಿಟ್ಟ. ಆದರೆ ಗೆಲಿಲಿಯೊನಂತೆ ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ಕಲಸಲಿಲ್ಲ. ಎ ಎಲ್ಲವೂ ಮೊದಲು, ನಂತರ ಸಿ ಎಲ್ಲವೂ, ಹೀಗೆ ಅಕಾರಾದಿಯಾಗಿ ವಿಂಗಡಿಸಿ ಪ್ರಕಟಿಸಿದ. ಮೂರು ವರ್ಷಗಳ ನಂತರ, 1659ರಲ್ಲಿ, ಗುಟ್ಟು ಬಿಟ್ಟುಕೊಟ್ಟ. ಲಂಡನ್ನಿನ ರಾಬರ್ಟ್ ಹುಕ್ ಅದೇ ಹಾದಿ ಹಿಡಿದ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ಅದು ಬಲ ತೋರುತ್ತದೆ ಎಂಬ, ಇಂದು ಶಾಲಾ ಮಕ್ಕಳು ಹುಕ್ ನಿಯಮವೆಂದು ಕಲಿಯುವ ಸಂಗತಿಯನ್ನು ಆತ 1676ರಲ್ಲಿ ಮುಂದಿಟ್ಟದ್ದು 14 ಅಕ್ಷರಗಳ ಗಂಟಾಗಿ: ಒಂದು ಸಿ, ಒಂದು ಇ, ಮೂರು ಐ, ಒಂದು ಎನ್, ಒಂದು ಓ, ಮೂರು ಎಸ್, ಎರಡು ಟಿ, ಒಂದು ಯು, ಒಂದು ವಿ. ಇವುಗಳನ್ನು ಸುಮಾರು 121 ಕೋಟಿ ವಿಧಗಳಲ್ಲಿ ಜೋಡಿಸಬಹುದು. ಉತ್ತರವನ್ನು ಹುಕ್ ತಾನೇ ಹೇಳಿದ್ದು 1678ರಲ್ಲಿ.

ಅಕಾರಾದಿ ಜೋಡಣೆಯ ಗುಣವೇ ಇದು. ಮೂಲ ಶಬ್ದದ ಯಾವ ಸುಳಿವನ್ನೂ ಅದು ಉಳಿಸುವುದಿಲ್ಲ. ಜೊತೆಗೆ, ಒಂದೇ ಅಕ್ಷರಗಳುಳ್ಳ ಎರಡು ಶಬ್ದಗಳನ್ನು ಹೀಗೆ ಜೋಡಿಸಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಬಚ್ಚಿಡುವವರಿಗೆ ಬೇಕಾದದ್ದು ಮೊದಲ ಗುಣ. ಹುಡುಕುವವರಿಗೆ ಬೇಕಾದದ್ದು ಎರಡನೆಯದು.

ಕೆಲಸ ಕಳೆದುಕೊಂಡವನ ಎಣಿಕೆ

ಅಕ್ಷರ ಬರೆದ ಚೂರುಗಳನ್ನು ಕೂಡಿಸಿ ಶಬ್ದ ಮಾಡುವ ಆಟ ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ರೂಢಿಯಲ್ಲಿತ್ತು. 1913ರ ಡಿಸೆಂಬರಿನಲ್ಲಿ ಆರ್ಥರ್ ವಿನ್ ಎಂಬಾತ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಪದಬಂಧ ಪ್ರಕಟಿಸಿದ. ಹತ್ತು ವರ್ಷಗಳಲ್ಲಿ ಅದು ಅಮೆರಿಕದ ಹುಚ್ಚಾಯಿತು. ಇವೆರಡನ್ನೂ ಬೆಸೆದವನು ಆಲ್‌ಫ್ರೆಡ್ ಮೋಷರ್ ಬಟ್ಸ್.

1899ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಬಟ್ಸ್ ವೃತ್ತಿಯಿಂದ ವಾಸ್ತುಶಿಲ್ಪಿ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1931ರಲ್ಲಿ, ಆತನ ಕೆಲಸ ಹೋಯಿತು. ಕಟ್ಟಡ ಕಟ್ಟಿಸುವವರೇ ಇಲ್ಲದ ಕಾಲ. ಮನೆಯಲ್ಲಿ ಕುಳಿತ ಬಟ್ಸ್ ಆಟಗಳ ಬಗ್ಗೆ ಯೋಚಿಸತೊಡಗಿದ. ದಾಳದ ಆಟಗಳಲ್ಲಿ ಎಲ್ಲವೂ ಅದೃಷ್ಟ. ಚದುರಂಗದಲ್ಲಿ ಎಲ್ಲವೂ ಬುದ್ಧಿ. ಎರಡೂ ಅರ್ಧರ್ಧ ಬೆರೆತ ಶಬ್ದದ ಆಟವೊಂದಿದ್ದರೆ?

ಅಂಥ ಆಟಕ್ಕೆ ಅಕ್ಷರದ ಬಿಲ್ಲೆಗಳು ಬೇಕು. ಯಾವ ಅಕ್ಷರದ ಬಿಲ್ಲೆ ಎಷ್ಟಿರಬೇಕು? ಎಲ್ಲವೂ ಸಮಸಂಖ್ಯೆಯಲ್ಲಿದ್ದರೆ ಆಟಗಾರನ ಕೈತುಂಬ ಕ್ಯೂ, ಝಡ್, ಎಕ್ಸ್‌ಗಳೇ ಬಂದು ಒಂದು ಶಬ್ದವೂ ಆಗಲಿಕ್ಕಿಲ್ಲ. ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ ಎಂಬ ಲೆಕ್ಕ ಬೇಕಾಯಿತು. ಗುಪ್ತಲಿಪಿ ಬಿಡಿಸಲು ಈ ಲೆಕ್ಕವನ್ನು ಬಳಸಬಹುದೆಂದು ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ ಒಂಬತ್ತನೆಯ ಶತಮಾನದಲ್ಲೇ ಬರೆದಿದ್ದ. ಎಡ್ಗರ್ ಅಲನ್ ಪೋ 1843ರ ತನ್ನ 'ದಿ ಗೋಲ್ಡ್ ಬಗ್' ಕಥೆಯಲ್ಲಿ ನಿಧಿಯ ಗುಟ್ಟನ್ನು ಇದೇ ವಿಧಾನದಿಂದ ಬಿಡಿಸುತ್ತಾನೆ. ಬಟ್ಸ್‌ಗೆ ಆ ಕಥೆಯೇ ಪ್ರೇರಣೆ ಎನ್ನುತ್ತಾರೆ.

ಬಟ್ಸ್ ಎಣಿಕೆಗೆ ಆರಿಸಿಕೊಂಡದ್ದು ದಿನಪತ್ರಿಕೆಯನ್ನು. 'ನ್ಯೂಯಾರ್ಕ್ ಟೈಮ್ಸ್'ನ ಮುಖಪುಟವನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಕೈಯಿಂದ ಎಣಿಸಿದ. ಆ ಎಣಿಕೆ, ಅದರ ಮೇಲಿನ ತಿದ್ದುಪಡಿಗಳ ಫಲವೇ ಇಂದಿಗೂ ಇಂಗ್ಲಿಷ್ ಸ್ಕ್ರ್ಯಾಬಲ್ ಪೆಟ್ಟಿಗೆಯಲ್ಲಿರುವ 100 ಬಿಲ್ಲೆಗಳು. ಇ 12, ಎ ಮತ್ತು ಐ ತಲಾ 9, ಓ 8, ಎನ್, ಆರ್, ಟಿ ತಲಾ 6. ಜೆ, ಕೆ, ಕ್ಯೂ, ಎಕ್ಸ್, ಝಡ್ ತಲಾ ಒಂದೇ. ಎರಡು ಖಾಲಿ ಬಿಲ್ಲೆ. ಹೇರಳವಾದ ಇ ಅಕ್ಷರಕ್ಕೆ ಒಂದೇ ಅಂಕ, ಅಪರೂಪದ ಕ್ಯೂ, ಝಡ್‌ಗಳಿಗೆ ಹತ್ತು.

ಒಂದೆಡೆ ಮಾತ್ರ ಬಟ್ಸ್ ಲೆಕ್ಕವನ್ನು ಬೇಕೆಂದೇ ಮೀರಿದ. ಇಂಗ್ಲಿಷಿನಲ್ಲಿ ಎಸ್ ಬಹಳ ಬಳಕೆಯ ಅಕ್ಷರ. ಆದರೆ ಸಿಕ್ಕ ಶಬ್ದದ ಕೊನೆಗೆ ಅದನ್ನು ಅಂಟಿಸಿದರೆ ಬಹುವಚನವಾಗಿ ಹೊಸ ಶಬ್ದ ಸುಲಭವಾಗಿ ಸಿಗುತ್ತದೆ. ಆಟ ಸಪ್ಪೆಯಾಗಬಾರದೆಂದು ಎಸ್ ಬಿಲ್ಲೆಗಳನ್ನು ನಾಲ್ಕಕ್ಕೆ ಇಳಿಸಿದ.

ಮೊದಲು 'ಲೆಕ್ಸಿಕೊ', ನಂತರ 'ಕ್ರಿಸ್ ಕ್ರಾಸ್ ವರ್ಡ್ಸ್' ಎಂಬ ಹೆಸರಿನಲ್ಲಿ ಬಟ್ಸ್ ಇದನ್ನು ಆಟಿಕೆ ಕಂಪನಿಗಳಿಗೆ ತೋರಿಸಿದ. ಎಲ್ಲರೂ ತಿರಸ್ಕರಿಸಿದರು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತ ಹಕ್ಕು ಪಡೆದು, ಅದಕ್ಕೆ 'ಸ್ಕ್ರ್ಯಾಬಲ್' ಎಂಬ ಹೆಸರಿಟ್ಟ. ಮಾರಾಟವಾದ ಪ್ರತಿ ಪೆಟ್ಟಿಗೆಗೆ ಬಟ್ಸ್‌ಗೆ ಸಣ್ಣ ಗೌರವಧನ ಎಂಬುದು ಕರಾರು. 1949ರಲ್ಲಿ ತಯಾರಾದದ್ದು 2,400 ಪೆಟ್ಟಿಗೆಗಳು, ಆದದ್ದು 450 ಡಾಲರ್ ನಷ್ಟ. 1952ರ ನಂತರ ಬೇಡಿಕೆ ಇದ್ದಕ್ಕಿದ್ದಂತೆ ಏರಿತು. ಬಟ್ಸ್ ವಾಸ್ತುಶಿಲ್ಪದ ಕೆಲಸಕ್ಕೆ ಮರಳಿ, 1993ರಲ್ಲಿ ತನ್ನ 93ನೆಯ ವಯಸ್ಸಿನಲ್ಲಿ ತೀರಿಕೊಂಡ.

ಹುಡುಕುವ ವಿದ್ಯೆ

ಸ್ಕ್ರ್ಯಾಬಲ್‌ನಲ್ಲಿ ಆಟಗಾರನ ಮುಂದೆ ಏಳು ಬಿಲ್ಲೆಗಳಿರುತ್ತವೆ. ಏಳನ್ನೂ ಒಂದೇ ಸಲಕ್ಕೆ ಬಳಸಿದರೆ 50 ಅಂಕ ಹೆಚ್ಚುವರಿ. ಹೀಗಾಗಿ ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆ ಪಂದ್ಯಗಳಲ್ಲಿ ಸೋಲು ಗೆಲುವಿನ ಪ್ರಶ್ನೆಯಾಯಿತು. 1978ರಲ್ಲಿ ಅಮೆರಿಕದಲ್ಲಿ ಈ ಆಟಕ್ಕೆಂದೇ ಅಧಿಕೃತ ನಿಘಂಟು ಬಂತು. ಆಟಗಾರರು ಅದನ್ನು ಓದಿದ್ದು ತಲೆಕೆಳಗಾದ ರೀತಿಯಲ್ಲಿ. ಶಬ್ದಗಳನ್ನು ಒಡೆದು, ಅಕ್ಷರಗಳನ್ನು ಅಕಾರಾದಿಯಾಗಿ ಬರೆದು, ಎದುರಿಗೆ ಉತ್ತರಗಳನ್ನು ಉರುಹಚ್ಚಿದರು. ಈ ಅಕಾರಾದಿ ರೂಪಕ್ಕೆ ಅವರಿಟ್ಟ ಹೆಸರು 'ಆಲ್ಫಗ್ರಾಂ'.

ಸಣ್ಣ ಉದಾಹರಣೆ ನೋಡೋಣ. ಓ, ಪಿ, ಎಸ್, ಟಿ. ಇದು ಅಕಾರಾದಿ ರೂಪ. ಇದರ ಎದುರು ಸ್ಟಾಪ್, ಪೋಸ್ಟ್, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಎಂಬ ಆರು ಶಬ್ದಗಳಿವೆ. ಪಂದ್ಯದಲ್ಲಿ ಬಿಲ್ಲೆಗಳು ಯಾವ ಕ್ರಮದಲ್ಲಿ ಬಂದರೂ ಅವನ್ನು ಅಕಾರಾದಿಯಾಗಿ ಇಟ್ಟುಕೊಂಡವರಿಗೆ ಆರೂ ನೆನಪಾಗುತ್ತವೆ. ಇನ್ನು ಕೆಲವರು ಆರು ಅಕ್ಷರಗಳ ಬುಡಗಳನ್ನು ಕಲಿಯುತ್ತಾರೆ. ಗಿಡಮೂಲಿಕೆಯ ಕಷಾಯಕ್ಕಿರುವ 'ಟಿಸಾನ್' ಎಂಬ ಶಬ್ದದಲ್ಲಿ ಟಿ, ಐ, ಎಸ್, ಎ, ಎನ್, ಇ ಇವೆ. ಇದಕ್ಕೆ ಏಳನೆಯದಾಗಿ ಯಾವ ಅಕ್ಷರ ಸೇರಿದರೆ ಏನೇನು ಶಬ್ದವಾಗುತ್ತದೆ ಎಂಬ ಪಟ್ಟಿ ಅವರಿಗೆ ಬಾಯಿಪಾಠ. ಆರ್ ಸೇರಿದರೆ ನಮ್ಮ ಮೊದಲ ಪ್ರಶ್ನೆಯ ಏಳು ಅಕ್ಷರಗಳೇ ಬರುತ್ತವೆ!

ಕಂಪ್ಯೂಟರಿಗೆ ಕಲಿಸಿದ್ದೂ ಇದನ್ನೇ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಬೆಂಟ್ಲಿ ಎಂಬತ್ತರ ದಶಕದಲ್ಲಿ ಬರೆದ, 1986ರಲ್ಲಿ ಪುಸ್ತಕವಾಗಿ ಬಂದ 'ಪ್ರೋಗ್ರಾಮಿಂಗ್ ಪರ್ಲ್ಸ್' ಈ ವಿಧಾನವನ್ನು ಪ್ರಸಿದ್ಧಗೊಳಿಸಿತು. ನಿಘಂಟಿನ ಪ್ರತಿ ಶಬ್ದದ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಅದನ್ನು ಆ ಶಬ್ದದ 'ಸಹಿ' ಎಂದಿಟ್ಟುಕೊಳ್ಳಿ. ನಂತರ ಸಹಿಗಳನ್ನು ಅಕಾರಾದಿಯಾಗಿ ಸಾಲುಗೂಡಿಸಿ. ಒಂದೇ ಸಹಿಯ ಶಬ್ದಗಳೆಲ್ಲ ಅಕ್ಕಪಕ್ಕದಲ್ಲಿ ಬಂದು ಕೂರುತ್ತವೆ. ಹೈಗೆನ್ಸ್ ಮತ್ತು ಹುಕ್ ಬೀಗ ಹಾಕಲು ಬಳಸಿದ್ದ ಕೀಲಿಕೈಯಿಂದಲೇ ಬೀಗ ತೆರೆದಂತಾಯಿತು.

ಏಳೂ ಅಕ್ಷರಗಳನ್ನು ಬಳಸಲೇಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಈ ವಿಧಾನದ ಲಾಭ ಇನ್ನೂ ಸ್ಪಷ್ಟ. ಏಳು ಬೇರೆ ಬೇರೆ ಅಕ್ಷರಗಳಿಂದ ಒಂದು, ಎರಡು, ಮೂರು ಎಂದು ಏಳರವರೆಗೆ ಆಯ್ದು ಸಾಲು ಮಾಡಿದರೆ ಒಟ್ಟು 13,699 ಜೋಡಣೆಗಳು. ಕ್ರಮವನ್ನು ಮರೆತು, ಯಾವ ಯಾವ ಅಕ್ಷರ ಎಂಬುದನ್ನಷ್ಟೇ ನೋಡಿದರೆ ಗುಂಪುಗಳು ಬರಿಯ 127. ಅಷ್ಟು ಸಹಿಗಳನ್ನು ಪಟ್ಟಿಯಲ್ಲಿ ನೋಡಿದರೆ ಕೆಲಸ ಮುಗಿಯಿತು. 1988ರಲ್ಲಿ ಆಂಡ್ರ್ಯೂ ಆಪೆಲ್ ಮತ್ತು ಗೈ ಜೇಕಬ್ಸನ್ ಇನ್ನೊಂದು ದಾರಿ ತೋರಿಸಿದರು. ಶಬ್ದಗಳನ್ನು ಮರದ ಕೊಂಬೆಗಳಂತೆ ಹರಡಿ, ಒಂದೇ ಬಗೆಯಾಗಿ ಮುಗಿಯುವ ತುದಿಗಳನ್ನು ಒಂದುಗೂಡಿಸಿದರೆ ಇಡೀ ನಿಘಂಟು ಕಡಿಮೆ ಜಾಗದಲ್ಲಿ ಅಡಗುತ್ತದೆ, ಹುಡುಕುವುದೂ ಬೇಗ. 2006ರಲ್ಲಿ ಟೊರಾಂಟೊದಲ್ಲಿ 'ಕ್ವ್ಯಾಕಲ್' ಎಂಬ ಪ್ರೋಗ್ರಾಂ ಮಾಜಿ ವಿಶ್ವ ಚಾಂಪಿಯನ್ ಡೇವಿಡ್ ಬಾಯ್ಸ್ ಅವರನ್ನು 3–2ರಿಂದ ಸೋಲಿಸಿತು.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಕೋಲ್ಕತ್ತದ ಅಗರ್‌ವಾಲಾ ಸಹೋದರರು ರೂಪಿಸಿದ 'ಸ್ಕ್ರ್ಯಾಬ್ಯುಲಸ್' ಎಂಬ ಆಟ ಫೇಸ್‌ಬುಕ್ಕಿನಲ್ಲಿ ಬಹು ಜನಪ್ರಿಯವಾಗಿ, 2008ರಲ್ಲಿ ಮೊಕದ್ದಮೆಗಳನ್ನು ಎದುರಿಸಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಆ ಹೆಸರನ್ನು ಬಳಸದಂತೆ ತಡೆಯಿತು. ಆದರೆ ಆಟದ ಹಾಸಿನ ಮೇಲೆ ಕೃತಿಸ್ವಾಮ್ಯವಿದೆ ಎಂಬ ವಾದಕ್ಕೆ ಮನ್ನಣೆ ಕೊಡಲಿಲ್ಲ. ಆಟ 'ಲೆಕ್ಸ್ಯುಲಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಪತ್ರಿಕೆಗಳೂ ಹಿಂದೆ ಬೀಳಲಿಲ್ಲ. ಬಟ್ಸ್ ಎಣಿಸಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯೇ 2014ರಲ್ಲಿ ತನ್ನ ವಾರದ ಮ್ಯಾಗಝಿನ್‌ನಲ್ಲಿ 'ಸ್ಪೆಲ್ಲಿಂಗ್ ಬೀ' ಆರಂಭಿಸಿತು. ಏಳು ಅಕ್ಷರ ಕೊಟ್ಟು, ನಡುವಿನ ಒಂದು ಕಡ್ಡಾಯವೆಂದು ಹೇಳಿ, ಶಬ್ದಗಳನ್ನು ಹುಡುಕಿಸುವ ಸಮಸ್ಯೆ ಅದು. 2018ರಿಂದ ಗಣಕದ ಪರದೆಯಲ್ಲಿ ದಿನವೂ ಬರತೊಡಗಿತು.

ಅರ್ಥ ಬೇಕೇ, ಬೇಡವೇ?

ಇಷ್ಟಕ್ಕೇ ನಿಂತಿದ್ದರೆ ಇದು ಬಿಡುವಿನ ವೇಳೆಯ ಮನರಂಜನೆ ಎಂದು ಬಿಡಬಹುದಿತ್ತು. ಆದರೆ ಅಕ್ಷರಗಳಿಂದ ಶಬ್ದ ಹುಡುಕುವವನಿಗೆ ಶಬ್ದದ ಅರ್ಥದ ಗೊಡವೆ ಬೇಕಿಲ್ಲ. ಆತನಿಗೆ ಶಬ್ದವೆಂದರೆ ಪಟ್ಟಿಯಲ್ಲಿರುವ ಒಂದು ಜೋಡಣೆ. ಇದು ವಾದಕ್ಕೆ ಎಡೆ ಮಾಡಿತು.

ತೊಂಬತ್ತರ ದಶಕದಲ್ಲಿ ಅಮೆರಿಕದ ಅಧಿಕೃತ ಸ್ಕ್ರ್ಯಾಬಲ್ ನಿಘಂಟಿನಲ್ಲಿ ಜನಾಂಗ, ಧರ್ಮಗಳನ್ನು ಹೀಯಾಳಿಸುವ ಬೈಗುಳಗಳಿವೆ ಎಂಬ ಆಕ್ಷೇಪ ಎದ್ದಿತು. ಆಟದ ಮಾಲೀಕ ಕಂಪನಿ ಅವನ್ನು ತೆಗೆಯಲು ಮುಂದಾಯಿತು. ಆಟಗಾರರು ಪ್ರತಿಭಟಿಸಿದರು. ಹಾಸಿನ ಮೇಲೆ ಬಿದ್ದ ಶಬ್ದಕ್ಕೆ ಅರ್ಥವಿಲ್ಲ, ಅಂಕ ಮಾತ್ರ ಇದೆ ಎಂಬುದು ಅವರ ವಾದ. ಕೊನೆಗೆ ರಾಜಿಯಾಗಿ ಮನೆಗಳಿಗೆ ಮಾರುವ ನಿಘಂಟಿನಿಂದ ಆ ಶಬ್ದಗಳು ಹೋದವು. ಪಂದ್ಯಗಳ ಪಟ್ಟಿಯಲ್ಲಿ ಉಳಿದವು. 2020ರಲ್ಲಿ ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ದೊಡ್ಡ ಚಳವಳಿ ನಡೆದಾಗ ಪ್ರಶ್ನೆ ಮತ್ತೆ ಎದ್ದು, ಉತ್ತರ ಅಮೆರಿಕದ ಆಟಗಾರರ ಸಂಘವೇ ಇನ್ನೂರಕ್ಕೂ ಹೆಚ್ಚು ಶಬ್ದಗಳನ್ನು ಪಂದ್ಯಗಳ ಪಟ್ಟಿಯಿಂದಲೂ ಕೈಬಿಟ್ಟಿತು. ಬೈಗುಳ ತಿಂದವರಿಗೆ ಅದು ಎಂದೂ ಬರಿಯ ಅಂಕವಾಗಿರಲಿಲ್ಲ ಎಂಬುದು ತೆಗೆಯಬೇಕೆಂದವರ ಮಾತು.

ಇದೇ ಪ್ರಶ್ನೆಯ ಇನ್ನೊಂದು ಮುಖ ನೈಜೆಲ್ ರಿಚರ್ಡ್ಸ್. ನ್ಯೂಜಿಲೆಂಡಿನಲ್ಲಿ ಹುಟ್ಟಿ ಮಲೇಷ್ಯಾದಲ್ಲಿ ನೆಲೆಸಿದ ಇವರು 2007, 2011, 2013 ಮತ್ತು 2018ರಲ್ಲಿ ಇಂಗ್ಲಿಷ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್. 2015ರಲ್ಲಿ ಬೆಲ್ಜಿಯಂನಲ್ಲಿ ನಡೆದ ಫ್ರೆಂಚ್ ಭಾಷೆಯ ವಿಶ್ವ ಸ್ಪರ್ಧೆಯಲ್ಲಿ ಆಡಿ ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಫ್ರೆಂಚ್ ಪದಪಟ್ಟಿಯನ್ನು ಓದಿ ನೆನಪಿಟ್ಟುಕೊಂಡಿದ್ದರು, ಅಷ್ಟೆ. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಭಾಷೆಯ ಪ್ರಶಸ್ತಿಯನ್ನೂ ಹಾಗೆಯೇ ಗೆದ್ದರು.

ಒಂದು ಭಾಷೆಯ ಸಾವಿರಾರು ಶಬ್ದಗಳನ್ನು ಆ ಭಾಷೆಯವರಿಗಿಂತ ಚೆನ್ನಾಗಿ ಹುಡುಕಬಲ್ಲವನಿಗೆ ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲು ಬಾರದಿದ್ದರೆ, ಆತನಿಗೆ ಆ ಶಬ್ದಗಳು 'ಗೊತ್ತು' ಎನ್ನಬಹುದೇ? ಕೆಪ್ಲರನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅರ್ಥದ ಹಂಬಲ ಹೆಚ್ಚಾದುದರಿಂದಲೇ ಆತ ಅಕ್ಷರಗಳಲ್ಲಿ ಇಲ್ಲದ ಸುದ್ದಿಯನ್ನು ಓದಿದ. ಅಕ್ಷರವನ್ನು ಮಾತ್ರ ನೋಡಿದ ರಿಚರ್ಡ್ಸ್ ಎಡವಲಿಲ್ಲ.

ಕನ್ನಡದಲ್ಲಾದರೆ?

ಇಂಗ್ಲಿಷಿನ ಈ ವಿದ್ಯೆ ಕನ್ನಡಕ್ಕೆ ಹಾಗೆಯೇ ಇಳಿಯದು. ರೋಮನ್ ಲಿಪಿಯ 26 ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ವ್ಯಂಜನಕ್ಕೆ ಸ್ವರ ಅಂಟಿಕೊಂಡೇ ಅಕ್ಷರ. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೇ 442 ರೂಪಗಳು. ಒತ್ತಕ್ಷರಗಳ ಲೆಕ್ಕ ಬೇರೆ. ಅಷ್ಟು ಬಿಲ್ಲೆಗಳನ್ನು ಚೀಲದಲ್ಲಿ ಹಾಕಿ ಆಡುವುದಾದರೂ ಹೇಗೆ?

'ಮದನ' ಶಬ್ದದ ಮೊದಲೆರಡು ಅಕ್ಷರ ಅದಲುಬದಲಾದರೆ 'ದಮನ'. ಇಲ್ಲಿ ತೊಡಕಿಲ್ಲ. ಆದರೆ 'ಗಿಡ' ಮತ್ತು 'ಗಡಿ'? ನಮ್ಮ ಪದಬಂಧದ ಮನೆಗಳ ಪ್ರಕಾರ ಇವೆರಡರಲ್ಲಿ ಸಮಾನವಾದ ಒಂದು ಅಕ್ಷರವೂ ಇಲ್ಲ. ಬಿಡಿಸಿ ನೋಡಿದರೆ ಎರಡರಲ್ಲೂ ಇರುವುದು ಗ್, ಡ್, ಅ, ಇ ಎಂಬ ಅವೇ ನಾಲ್ಕು. ಕನ್ನಡದಲ್ಲಿ ಶಬ್ದ ಹುಡುಕುವ ಮೊದಲು ಅಕ್ಷರ ಎಂದು ಯಾವುದನ್ನು ಎಣಿಸಬೇಕೆಂಬುದನ್ನೇ ತೀರ್ಮಾನಿಸಬೇಕಾಗುತ್ತದೆ. ಅದಾದ ಮೇಲೆ ವಿಭಕ್ತಿ ಪ್ರತ್ಯಯಗಳ ಪ್ರಶ್ನೆ. 'ಮನೆ' ಶಬ್ದ ಸರಿ. ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ ಎಲ್ಲವನ್ನೂ ಬೇರೆ ಬೇರೆ ಶಬ್ದಗಳೆಂದು ಒಪ್ಪಬೇಕೇ? ಬಟ್ಸ್‌ಗೆ ತಲೆನೋವಾದದ್ದು ಒಂದು ಎಸ್. ನಮಗೆ ಇಡೀ ವಿಭಕ್ತಿ ಮಾಲೆ.

ಇವು ಪರಿಹಾರವಿಲ್ಲದ ತೊಡಕುಗಳಲ್ಲ. ನಿಯಮ ಇಂತಿಷ್ಟು ಎಂದು ಗೆರೆ ಎಳೆದು, ಒಳ್ಳೆಯ ಪದಪಟ್ಟಿಯೊಂದನ್ನು ಮುಂದಿಟ್ಟುಕೊಂಡರೆ ಗಣಕಕ್ಕೆ ಯಾವ ಲಿಪಿಯಾದರೇನು? ಆದರೆ ಗೆರೆ ಎಳೆಯುವ ಮೊದಲು ಯಾರಾದರೂ ಒಂದು ಕನ್ನಡ ಪತ್ರಿಕೆಯ ಮುಖಪುಟವನ್ನು ಮುಂದಿಟ್ಟುಕೊಂಡು, ಬಟ್ಸ್‌ನಂತೆ ತಾಳ್ಮೆಯಿಂದ ಎಣಿಸಬೇಕು.